ತವರು ಹಡಗಿನ ಬಕೆಟ್ಟು

ನಮ್ಮ ಮನೆಗೆ ಬಂದವರು ಕೋಟು ಬಿಚ್ಚುವಾಗಲೇ ಕೇಳುತ್ತಾರೆ, "ಅದೇನ್ರೀ, ಬಾಗಿಲ ಹಿಂದೆ ಗೋಣಿಚೀಲ ನೇತುಹಾಕಿದ್ದೀರಿ?" ಅಂತ. ಗೋಣಿಚೀಲ ಅಲ್ಲ ಮಹಾರಾಯರೇ, ಬಕೆಟ್ಟು. ದಪ್ಪ ಕ್ಯಾನ್ವಾಸಿನ ಬಕೆಟ್ಟು. ಬಾಯಿಯ ಸುತ್ತ ಹಗ್ಗದ ಬಳೆ, ಮೇಲೆ ಹಗ್ಗದ್ದೇ ಹಿಡಿಕೆ. ನೀರಿಲ್ಲದಾಗ ಮಡಚಿ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ವಿಮಾನ ಹತ್ತಬಹುದು. ನಾನು ಸ್ವೀಡನ್ನಿಗೆ ಬಂದದ್ದು ಹಾಗೆಯೇ.

ಇದು ನನ್ನ ಅಜ್ಜ ಯುದ್ಧದ ಕಾಲದಲ್ಲಿ ಹಡಗಿನಿಂದ ತಂದ ಬಕೆಟ್ಟು. ತಳ ಹೋದಾಗ ಅಜ್ಜಿ ಹಳೆಯ ದೋಣಿಯ ಹಾಯಿ ಕತ್ತರಿಸಿ ಹೊಲಿದಳು. ಪಕ್ಕ ಹರಿದಾಗ ಅಮ್ಮ ತೇಪೆ ಹಾಕಿದಳು. ಇನ್ನೊಂದು ಪಕ್ಕಕ್ಕೆ ನಾನೇ ಇಲ್ಲಿಯ ಟೆಂಟ್ ಬಟ್ಟೆ ಹಚ್ಚಿದೆ. ಹಡಗಿನದು ಅಂತ ಈಗ ಉಳಿದಿರುವುದು ಆ ಹಗ್ಗದ ಬಳೆ ಒಂದೇ. "ಹಾಗಾದ್ರೆ ಇದು ಅದೇ ಬಕೆಟ್ ಹೇಗೆ ಆಗುತ್ತೆ?" ಎಂದು ನನ್ನ ಗಂಡ ಗಿರಿ ತರ್ಕ ತೆಗೆದ. "ಮದುವೆ ದಿನ ನಿಮ್ಮ ತಲೆ ಮೇಲಿದ್ದ ಕೂದಲಲ್ಲಿ ಈಗ ಎಷ್ಟಿದೆ? ಆದ್ರೂ ನಿಮ್ಮನ್ನೇ ಗಂಡ ಅಂತ ಒಪ್ಪಿಕೊಂಡಿಲ್ವಾ?" ಎಂದೆ.

ಬಕೆಟ್ಟಿಗೆ ಒಂದು ಸ್ವಭಾವವಿದೆ. ಒಣಗಿದ್ದಾಗ ನೀರು ಹಾಕಿದರೆ ಮೊದಲು ನಾಲ್ಕೂ ಕಡೆ ಸೋರುತ್ತದೆ. ಗಾಬರಿಯಾಗಬಾರದು. ನೂಲು ನೀರು ಕುಡಿದು ಉಬ್ಬಿಕೊಂಡ ಮೇಲೆ ಒಂದು ಹನಿಯನ್ನೂ ಬಿಡುವುದಿಲ್ಲ. "ನಿನ್ನ ಅಜ್ಜನ ಹಾಂಗೇ. ಮೊದ್ಲು ಚೂರು ಗೊಣಗೂದು, ಆಮೇಲೆ ಸುಮ್ನೆ ಕೆಲ್ಸ ಮಾಡೂದು" ಎನ್ನುತ್ತಿದ್ದಳು ಅಜ್ಜಿ.

ಈಗ ಹಡಗಿನ ಚರಿತ್ರೆಗೆ ಬರುತ್ತೇನೆ. ಯುದ್ಧದ ಹಡಗು ಎಂದೊಡನೆ ನೀವು ಬೆನ್ನು ನೆಟ್ಟಗೆ ಮಾಡಿ ಕೂತಿರಿ ಅಂತ ಗೊತ್ತು. ಒರಗಿಕೊಳ್ಳಿ. ಇದು ಯಾರನ್ನೂ ಮುಳುಗಿಸದ ಹಡಗು.

ಮೂಲದಲ್ಲಿ ಅದು ಖರ್ಜೂರ, ಆಡು ಮತ್ತು ಜನ, ಈ ಮೂರನ್ನೂ ಒಟ್ಟಿಗೆ ತುಂಬಿಕೊಂಡು ಬೊಂಬಾಯಿಗೆ ಬರುತ್ತಿದ್ದ ಹಡಗು. ಯುದ್ಧ ಶುರುವಾದಾಗ ಸರ್ಕಾರ ಅದನ್ನು ಹಿಡಿದು, ಆಡಿನ ವಾಸನೆಯ ಮೇಲೆಯೇ ಬೂದುಬಣ್ಣ ಬಳಿದು, ಹಿಂಭಾಗದಲ್ಲಿ ಒಂದು ದೊಡ್ಡ ಎತ್ತುಗ, ಅಂದರೆ ಕ್ರೇನು, ನಿಲ್ಲಿಸಿತು. ಮುಂದೆ ದೃಷ್ಟಿಬೊಂಬೆಯ ಹಾಗೆ ಎರಡು ತೋಪು. ಹೊನ್ನಾವರದಿಂದ ಬೊಂಬಾಯಿಯ ಹಡಗುಕಟ್ಟೆಗೆ ಕೆಲಸ ಹುಡುಕಿ ಹೋಗಿದ್ದ ಅಜ್ಜ ಆ ಹಡಗು ಹತ್ತಿದ. ಅದರ ಇಂಗ್ಲಿಷ್ ಹೆಸರನ್ನು ಅವನು ಕೊನೆಯವರೆಗೂ ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳಲಿಲ್ಲ.

ಹಡಗಿನ ಕೆಲಸ ಕಡಲವಿಮಾನಗಳನ್ನು ನೋಡಿಕೊಳ್ಳುವುದು. ಹೊಟ್ಟೆಯ ಮೇಲೆ ನೀರಿಗಿಳಿದು ನೀರಿನಿಂದಲೇ ಏಳುವ ವಿಮಾನಗಳವು. ಲಂಕೆಯ ಬಂದರಿನಲ್ಲೋ ಮಾಲ್ಡೀವ್ಸಿನ ಹವಳದ ದಿಬ್ಬದ ಒಳಗೋ ಹಡಗು ಲಂಗರು ಹಾಕಿ ಕಾಯುತ್ತಿತ್ತು. ವಿಮಾನಗಳು ಮುಂಜಾನೆ ಹೋಗಿ ಇಡೀ ದಿನ ಕಡಲು ಹುಡುಕಿ, ಮೈಯೆಲ್ಲ ಉಪ್ಪು ಕಟ್ಟಿಕೊಂಡು ಬರುತ್ತಿದ್ದವು. ಚಿಕ್ಕವನ್ನು ಎತ್ತುಗದಿಂದ ಮೇಲೆತ್ತುವುದು, ದೊಡ್ಡವನ್ನು ಪಕ್ಕಕ್ಕೆ ಕಟ್ಟಿಕೊಳ್ಳುವುದು. ಆಮೇಲೆ ಸಿಹಿನೀರಿನ ಸ್ನಾನ, ಎಣ್ಣೆ, ಪೆಟ್ರೋಲು. ಹಾರಿಸುವವರಿಗೆ ಬಿಸಿ ಊಟ, ನಿದ್ದೆ, ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸುವುದು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಕೇಳಿದ ಅಜ್ಜಿ, "ಇದೆಂತ ಯುದ್ಧದ ಹಡಗು! ತವರುಮನೆ ಅಲ್ದಾ ಇದು!" ಎಂದಳಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ತವರು ಹಡಗು.

ಸ್ನಾನ ಮಾಡಿಸುವುದು ಅಜ್ಜನ ಪಾಲಿನ ಕೆಲಸ. ಉಪ್ಪು ಒಂದು ರಾತ್ರಿ ಉಳಿದರೂ ಲೋಹ ತಿನ್ನಲು ಶುರುಮಾಡುತ್ತದೆ. ಆದರೆ ಹಡಗಿನಲ್ಲಿ ಸಿಹಿನೀರಿಗೆ ಬರ. "ನಾವು ಉಪ್ಪುನೀರಲ್ಲೇ ಮೀಯೂದು, ವಿಮಾನಕ್ಕೆ ಸಿಹಿನೀರು. ಅಳಿಯನ ಮರ್ಯಾದಿ ಅದಕ್ಕೆ" ಎನ್ನುತ್ತಿದ್ದ. ಯುದ್ಧ ಮುಗಿಯುವವರೆಗೆ ಅಜ್ಜ ಮೈ ಕೆರೆದುಕೊಳ್ಳುತ್ತ ವಿಮಾನ ತೊಳೆದ.

ತೋಪುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ದಿನ ಪರೀಕ್ಷೆಗೆಂದು ಒಂದನ್ನು ಹಾರಿಸಿದರಂತೆ. ಅಡುಗೆಮನೆಯ ಪಿಂಗಾಣಿಯೆಲ್ಲ ಉದುರಿ ಪುಡಿಯಾಯಿತು. ಗೋವೆಯ ಅಡುಗೆಯವನು ಸೌಟು ಹಿಡಿದುಕೊಂಡು ಕಪ್ತಾನನ ಮುಂದೆ ಹೋಗಿ ನಿಂತ. ಅದೇ ಕೊನೆ, ಮತ್ತೆ ತೋಪು ಬಾಯಿ ತೆರೆಯಲಿಲ್ಲ. ಯುದ್ಧ ಮುಗಿದ ಮೇಲೆ ತೋಪು ಕಿತ್ತರು, ಎತ್ತುಗ ಕಿತ್ತರು, ಖರ್ಜೂರ ತುಂಬಿದರು. ವಯಸ್ಸಾದ ಮೇಲೆ ಒಡೆದು ಕಬ್ಬಿಣಕ್ಕೆ ಮಾರಿದರು. ಇಷ್ಟೇ ಅದರ ಸೇವಾ ಚರಿತ್ರೆ. ಯಾವ ಚರಿತ್ರೆಕಾರನೂ ಬರೆಯದಿದ್ದರೆ ನಷ್ಟ ಅವನದ್ದು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹಡಗಿನಲ್ಲಿ ಕಲಿತ ಗುಣವೂ ಅಷ್ಟೇ. ಊರಿಗೆ ಬಂದ ಅಜ್ಜ ಹೊರಗಿನಿಂದ ಬಂದದ್ದನ್ನೆಲ್ಲ ತೊಳೆದೇ ಒಳಗೆ ಬಿಡುತ್ತಿದ್ದ. ಸೈಕಲ್ಲು, ಕೊಡೆ, ಕುಂಬಳಕಾಯಿ, ಪೋಸ್ಟ್‌ಮ್ಯಾನಿನ ಚಪ್ಪಲಿ. ಬಂದವರ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಹೇಗೂ ಇತ್ತು. ಬೇರೆ ಮನೆಯವರು ಚೊಂಬಿನಲ್ಲಿ ಕೊಡುತ್ತಿದ್ದರು, ಅಜ್ಜ ಬಕೆಟ್ಟಿನಲ್ಲಿ ಸುರಿಯುತ್ತಿದ್ದ. ಗಿರಿ ನನ್ನನ್ನು ನೋಡಲು ಬಂದ ದಿನ, ಹೊಸ ಪ್ಯಾಂಟು ಹಾಕಿಕೊಂಡು ಜಗಲಿಯ ಮೆಟ್ಟಿಲಲ್ಲಿ ನಿಂತವನಿಗೆ, "ಕಾಲು ತೋರ್ಸು ಮಾಣಿ" ಎಂದು ಮೊಣಕಾಲಿನವರೆಗೆ ಸುರಿದುಬಿಟ್ಟ. ಪಾಪ, ಬೆಂಗಳೂರಿನ ಹುಡುಗ, ಒದ್ದೆ ಪ್ಯಾಂಟಿನಲ್ಲಿ ಕೂತೇ ಬೋಂಡಾ ತಿಂದ. ನಾನು ಒಪ್ಪಿದ್ದೇ ಅದಕ್ಕೆ.

ನನ್ನ ಹೊಟ್ಟೆಪಾಡೂ ಉಪ್ಪಿನದೇ. ನಾವಿರುವ ಸೋಡರ್‌ಟೆಲ್ಯೆ ಲಾರಿ ಕಟ್ಟುವ ಊರು. ಲಾರಿಯ ಭಾಗಗಳನ್ನು ಉಪ್ಪಿನ ಮಂಜಿನ ಪೆಟ್ಟಿಗೆಯಲ್ಲಿಟ್ಟು ಎಷ್ಟು ತುಕ್ಕು ಹಿಡಿಯಿತು ಅಂತ ನೋಡುವುದು ನನ್ನ ಕೆಲಸ. ಚಳಿಗಾಲದಲ್ಲಿ ಈ ದೇಶವೇ ಒಂದು ಉಪ್ಪಿನ ಪೆಟ್ಟಿಗೆ. ಹಿಮ ಕರಗಲಿ ಎಂದು ದಾರಿಗೆಲ್ಲ ಉಪ್ಪು ಹಾಕುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಮಾಡಿದವರು ಫೆಬ್ರವರಿಯಲ್ಲಿ ಇಲ್ಲಿ ಸೈಕಲ್ ತುಳಿದವರಲ್ಲ. ನನ್ನ ಮಗಳು ನಿಧಿ ಹೈಸ್ಕೂಲು ಮುಗಿಸಿ ಇಲ್ಲಿಯ ಜಿಮ್ನಾಸಿಯಂ ಎಂಬ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಅವಳ ಸೈಕಲ್ಲಿನ ಸರಪಳಿ ಬೆಳ್ಳಗಾಗಿರುತ್ತಿತ್ತು. ನೋಡಿಕೊಂಡು ಸುಮ್ಮನಿರಲು ನಾನು ಯಾರ ಮೊಮ್ಮಗಳು? ದಿನಾ ಸಂಜೆ ಬಕೆಟ್ಟಿನಲ್ಲಿ ಬಿಸಿನೀರು ತಂದು ಅಂಗಳದಲ್ಲಿ ಸೈಕಲ್ ತೊಳೆಯತೊಡಗಿದೆ.

ಹೊನ್ನಾವರದಲ್ಲಿ ಅಂಗಳಕ್ಕೆ ಸುರಿದ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ. ಸ್ವೀಡನ್ನಿನಲ್ಲಿ ಸುರಿದ ನೀರು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಮಂಜುಗಡ್ಡೆಯಾಗಿ ಮಲಗುತ್ತದೆ. ಇದು ನನಗೆ ಹೊಳೆಯಲೇ ಇಲ್ಲ ಅಂದರೆ ನಂಬುತ್ತೀರಾ? ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಬಾಗಿಲ ಮುಂದೆ ಕನ್ನಡಿ ಹಾಸಿದೆ. ಪೇಪರ್ ಹಾಕುವವನು ಜಾರಿದ. ಗಿರಿ ಜಾರಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬಂತೆ ಮೂರನೆಯವಳಾಗಿ ನಾನೇ ಜಾರಿದೆ.

ಇಲ್ಲಿಯ ಜನ ಎದುರಿಗೆ ಬಯ್ಯುವುದಿಲ್ಲ. ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಚೀಟಿ ಅಂಟಿಸುತ್ತಾರೆ. "ಯಾರೋ ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದಾರೆ. ದಯವಿಟ್ಟು ಬೇಡ!" ಅಂತ, ಕೊನೆಗೆ ಒಂದು ನಗುವ ಮುಖ. ಆ ನಗುವ ಮುಖಕ್ಕಿಂತ ನಾಲ್ಕು ಬೈಗುಳ ವಾಸಿ. "ಬಿಟ್ಟುಬಿಡೇ, ನಾವು ವರ್ಕ್ ಪರ್ಮಿಟ್ ಮೇಲಿರೋರು, ಯಾಕೆ ಗಲಾಟೆ?" ಎಂದ ಗಿರಿ. "ಪರ್ಮಿಟ್‌ನಲ್ಲಿ ಸೈಕಲ್ ತುಕ್ಕು ಹಿಡಿಸಬೇಕು ಅಂತ ಬರೆದಿಲ್ಲ" ಎಂದೆ. ಆದರೂ ಪೇಪರಿನವನ ಸೊಂಟ ನೆನೆಸಿಕೊಂಡು ಅಂಗಳ ಬಿಟ್ಟೆ, ಸೈಕಲ್ಲನ್ನು ಮೆಟ್ಟಿಲ ಮೇಲೆ ಹೊತ್ತು ನಮ್ಮ ಬಚ್ಚಲಿಗೇ ತಂದೆ.

ನಿಜವಾದ ಜಗಳ ಬಂದದ್ದು ಮನೆಯೊಳಗೆ. ನಿಧಿಗೆ ಇತಿಹಾಸದ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ನಿಮ್ಮ ಮನೆಯವರು ಕಂಡ ಯುದ್ಧದ ಬಗ್ಗೆ ಎಲ್ಲರ ಮುಂದೆ ನಿಂತು ಹೇಳಬೇಕು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗ ರಮೇಶ ಕುಟುಂಬದ ವಾಟ್ಸಾಪಿಗೆ ಒಂದು ವಿಡಿಯೋ ಹಾಕಿದ. ಅಜ್ಜನ ಫೋಟೋ, ಹಿಂದೆ ಧಗಧಗ ಬೆಂಕಿ, ಢಮ್ ಢಮ್ ಸದ್ದು, ಕೆಳಗೆ "ಗನ್ನರ್ ಮಂಜಪ್ಪ". ನಾನು ಕೂಡಲೇ ಫೋನ್ ಮಾಡಿದೆ.

"ಅಜ್ಜ ಯಾವತ್ತೋ ಗನ್ನರ್ ಆಗಿದ್ದು?"

"ಹಡಗಲ್ಲಿ ಗನ್ ಇತ್ತು ತಾನೇ? ಪಕ್ಕದಲ್ಲಿ ನಿಂತಿದ್ರು ತಾನೇ? ಯಾರು ಕೇಳ್ತಾರೆ ಬಿಡೇ."

"ನಾನು ಕೇಳ್ತೀನಿ."

ಅವನು ನಕ್ಕ. ಆದರೆ ನಿಧಿಗೆ ವಿಡಿಯೋ ಹಿಡಿಸಿಬಿಟ್ಟಿತ್ತು. ಕಂಪ್ಯೂಟರಿನಲ್ಲಿ ಅವಳು ಮಾಡಿಟ್ಟಿದ್ದ ಮೊದಲ ಪುಟದಲ್ಲೇ ದೊಡ್ಡದೊಂದು ತೋಪು.

"ತೆಗಿ ಅದನ್ನ" ಎಂದೆ.

"ಅಮ್ಮಾ, ಪ್ಲೀಸ್. ಯು ಡೋಂಟ್ ಗೆಟ್ ಇಟ್. ನಮ್ಮ ಕ್ಲಾಸಲ್ಲಿ ಒಬ್ಬನ ಮುತ್ತಜ್ಜ ಫಿನ್ಲೆಂಡಲ್ಲಿ ಸ್ಕೀ ಮೇಲೆ ಹೋಗಿ ಫೈಟ್ ಮಾಡಿದ್ದಾನೆ. ಮರಿಯಂ ಸಿರಿಯಾದಿಂದ ಬಂದಿರೋಳು, ಶಿ ಹ್ಯಾಸ್ ಸೀನ್ ರಿಯಲ್ ವಾರ್. ನಾನು ಹೋಗಿ ಏನು ಹೇಳ್ಲಿ? ಹಿ ವಾಶ್ಡ್ ಪ್ಲೇನ್ಸ್? ವಿತ್ ಎ ಬಕೆಟ್? ಸೋ ಪಿನ್ಸಾಮ್ತ್!"

ಪಿನ್ಸಾಮ್ತ್ ಎಂದರೆ ಮಾನ ಹೋಗುವಂಥದ್ದು. ಈ ದೇಶದ ಹದಿನಾರರ ಮಕ್ಕಳಿಗೆ ಅಪ್ಪ ಅಮ್ಮ ಉಸಿರಾಡುವುದೂ ಪಿನ್ಸಾಮ್ತ್. ಅದಕ್ಕೆಲ್ಲ ನಾನು ಅಳುಕುವವಳಲ್ಲ. ಆದರೆ ಅವತ್ತು ನನಗೆ ನಿಜವಾಗಿ ನೋವಾಯಿತು. ಅಜ್ಜನಿಗೆ ಸಮಾಧಿಯಿಲ್ಲ, ಪದಕವಿಲ್ಲ, ಹಡಗೂ ಇಲ್ಲ. ಅವನ ಯುದ್ಧ ಉಳಿದಿರುವುದು ನಮ್ಮ ಬಾಯಿಯಲ್ಲಿ ಮಾತ್ರ. ನಿಧಿ ನಾಳೆ ಅಲ್ಲಿ ನಿಂತು ಗನ್ನರ್ ಎಂದುಬಿಟ್ಟರೆ ಮುಂದೆ ಅವಳ ಮಕ್ಕಳಿಗೂ ಅವನು ಗನ್ನರ್ರೇ. ವಿಮಾನ ತೊಳೆದ ಮನುಷ್ಯ ಹುಟ್ಟಿಯೇ ಇರಲಿಲ್ಲ ಅಂತಾಗುತ್ತದೆ. "ನೀನು ಏನೂ ಹೇಳದಿದ್ರೂ ಪರವಾಗಿಲ್ಲ, ಸೊನ್ನೆ ತಗೊಂಡು ಬಾ. ಸುಳ್ಳು ಮಾತ್ರ ಹೇಳಬೇಡ" ಎಂದೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿದ ಸದ್ದು ಅಡಗುವ ಮೊದಲೇ ಕರೆಗಂಟೆ ಬಡಿದುಕೊಂಡಿತು. ಕೆಳಗಿನ ಮನೆಯ ಗುನ್ನೆಲ್. ಎಂಬತ್ತರ ಹತ್ತಿರದ ಹೆಂಗಸು, ನಮ್ಮ ಕಟ್ಟಡದ ಅಂಗಳದ ಉಸ್ತುವಾರಿ. ಚೀಟಿಯ ಮೇಲಿನ ಆ ನಗುವ ಮುಖ ಇವಳದ್ದೇ ಅಂತ ನನಗೆ ಅನುಮಾನವಿತ್ತು, ಯಾಕೆಂದರೆ ಇವಳ ಸ್ವಂತ ಮುಖದಲ್ಲಿ ನಗು ಕಂಡವರಿರಲಿಲ್ಲ.

"ನಿಮ್ಮ ಮನೆಯಿಂದ ನನ್ನ ಸೂರಿಗೆ ನೀರು ಇಳಿಯುತ್ತಿದೆಯೇ ಅಂತ ನೋಡಲು ಬಂದೆ. ಯಾರೋ ಸೈಕಲ್ ಹೊತ್ತುಕೊಂಡು ಮೆಟ್ಟಿಲು ಹತ್ತಿದ್ದನ್ನು ಕಂಡೆ" ಎಂದಳು. ಕಣ್ಣು ಬಕೆಟ್ಟಿನ ಮೇಲೆ ಹೋಯಿತು. "ಅದೇನದು?"

ಒಳಗೆ ಕರೆದು ಕಾಫಿ ಕೊಟ್ಟೆ. ಕಾಫಿ ಕೊಟ್ಟರೆ ಸ್ವೀಡಿಶರು ಮೆತ್ತಗಾಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಗುನ್ನೆಲ್ ಆಗಲಿಲ್ಲ. ಉತ್ತರಕ್ಕೆ ಕಾದು ಕೂತಳು. ನನ್ನ ಸ್ವೀಡಿಶ್ ಆಫೀಸಿಗೆ, ಅಂಗಡಿಗೆ ಸಾಕು, ಅಜ್ಜನಿಗೆ ಸಾಲದು. "ನಿಧೀ, ಬಾ ಇಲ್ಲಿ. ಇವರಿಗೆ ಹೇಳು" ಎಂದು ಕೂಗಿದೆ. ಅವಳು ಮುಖ ಊದಿಸಿಕೊಂಡು ಬಂದು ಗೋಡೆಗೆ ಒರಗಿ ನಿಂತಳು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಬೇಕೋ ಬೇಡವೋ ಎಂಬಂತೆ ಸ್ವೀಡಿಶಿಗೆ ದಾಟಿಸುತ್ತ ಹೋದಳು. ಖರ್ಜೂರ, ಪಿಂಗಾಣಿ, ಅಳಿಯನ ಮರ್ಯಾದೆ, ಎಲ್ಲ. ಆಮೇಲೆ ನಾನು ಅವಳಿಗೂ ಯಾವತ್ತೂ ಸರಿಯಾಗಿ ಹೇಳಿರದ ಒಂದು ದಿನದ ಕಥೆ ಹೇಳಿದೆ.

ಒಂದು ಸಂಜೆ ವಿಮಾನವೊಂದು ತಡವಾಗಿ ಬಂತು. ಒಳಗೆ ಹಾರಿಸುವವರಲ್ಲದೆ ಬೇರೆ ಜನರೂ ಇದ್ದರು. ಯಾವುದೋ ಹಡಗು ಮುಳುಗಿ, ಜೀವರಕ್ಷಕ ದೋಣಿಯಲ್ಲಿ ತೇಲುತ್ತಿದ್ದವರು. ಮೈ ತುಂಬ ಉಪ್ಪಿನ ಹೆಪ್ಪು. ರೆಪ್ಪೆ ತೆರೆಯಲಾಗುತ್ತಿರಲಿಲ್ಲ, ತುಟಿ ಒಡೆದು ಬೆಳ್ಳಗಾಗಿತ್ತು. ಯಾವ ದೇಶದವರು ಅಂತ ಅಜ್ಜನಿಗೆ ತಿಳಿಯಲಿಲ್ಲ. "ಉಪ್ಪು ಕಟ್ಟಿದ ಮೇಲೆ ಎಲ್ಲರ ಬಣ್ಣವೂ ಒಂದೇ" ಎನ್ನುತ್ತಿದ್ದ. ಅವತ್ತು ಉಳಿದಿದ್ದ ಸಿಹಿನೀರು ವಿಮಾನಕ್ಕೆ ಮಾತ್ರ ಸಾಲುವಷ್ಟು, ಅದು ನಸುಕಿನಲ್ಲಿ ಮತ್ತೆ ಹೋಗಬೇಕು. ಅಜ್ಜ ಬಕೆಟ್ಟು ತುಂಬಿಕೊಂಡು ಹೋಗಿ ಡೆಕ್ಕಿನ ಮೇಲೆ ಬಿದ್ದಿದ್ದ ಒಬ್ಬನ ಮುಖಕ್ಕೆ ಮೆಲ್ಲಗೆ ಸುರಿದ. "ಮೊದಲು ವಿಮಾನ!" ಎಂದು ಅಧಿಕಾರಿ ಕೂಗಿದ. ಅಜ್ಜ ಇನ್ನೊಬ್ಬನಿಗೆ ಸುರಿದ. ಅಧಿಕಾರಿ ಮತ್ತೆ ಕೂಗಿದ. ಅಜ್ಜ ಎಲ್ಲರನ್ನೂ ತೊಳೆದು ಮುಗಿಸಿ, ಉಳಿದ ನೀರಿನಲ್ಲಿ ಬಟ್ಟೆ ಅದ್ದಿ ವಿಮಾನವನ್ನು ಬೆಳಗಿನ ತನಕ ಒರೆಸಿದ. ಶಿಕ್ಷೆಯೆಂದು ಅವನನ್ನು ಹಡಗಿನ ತಳದಲ್ಲಿ ತುಕ್ಕು ಕೆರೆಯಲು ಹಾಕಿದರು. "ಕಡಲಿಂದ ಬಂದದ್ದನ್ನೆಲ್ಲ ತೊಳಿ ಅಂತ ಅಂವನೇ ಹೇಳಿದ್ದ. ನಾನು ತೊಳ್ದೆ. ತಪ್ಪು ಎಂತದು?" ಎಂದು ಅಜ್ಜ ತೊಂಬತ್ತರ ಹೊಸ್ತಿಲಲ್ಲೂ ಎದೆ ಸೆಟೆಸಿ ಕೇಳುತ್ತಿದ್ದ.

ನಿಧಿಯ ದನಿ "ಮೊದಲು ವಿಮಾನ" ಎಂಬಲ್ಲಿ ಬದಲಾದದ್ದು ನನಗೆ ಕೇಳಿಸಿತು. ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದಳು.

ಗುನ್ನೆಲ್ ಕಪ್ಪನ್ನು ಬದಿಗೆ ಸರಿಸಿದಳು. "ನನ್ನ ಅಪ್ಪ ಆ ಯುದ್ಧದಲ್ಲಿ ಉತ್ತರದ ಕಾಡಿನಲ್ಲಿ ಒಂದು ರೈಲು ಸೇತುವೆ ಕಾಯುತ್ತಿದ್ದ. ನಮ್ಮ ದೇಶಕ್ಕೆ ಯುದ್ಧ ಬರಲಿಲ್ಲ. ಅವನು ಒಂದು ಗುಂಡೂ ಹಾರಿಸಲಿಲ್ಲ, ಆಲೂಗಡ್ಡೆ ಸುಲಿದ, ಕಾಲ್ಬೆರಳು ಹೆಪ್ಪುಗಟ್ಟಿಸಿಕೊಂಡ. ಊರಿಗೆ ಬಂದಾಗ, ಏನು ಸಾಧಿಸಿದೆ ಅಂತ ಜನ ನಗುತ್ತಿದ್ದರು" ಎಂದಳು.

"ಅದಕ್ಕೆ ಅವರು ಏನು ಹೇಳ್ತಿದ್ರು?" ಎಂದು ನಿಧಿ ತಾನಾಗಿಯೇ ಕೇಳಿದಳು.

"ಹೋಗಿ ನೋಡು, ಸೇತುವೆ ಅಲ್ಲೇ ಇದೆ, ಅನ್ನುತ್ತಿದ್ದ."

ಎದ್ದು ಹೊರಟವಳು ಬಾಗಿಲಲ್ಲಿ ತಿರುಗಿ, "ಆದರೆ ಅಂಗಳದಲ್ಲಿ ತೊಳೆಯಬೇಡ. ಮಂಜುಗಡ್ಡೆಯಾಗುತ್ತದೆ" ಎಂದಳು. ಬಚ್ಚಲನ್ನೂ ಪರೀಕ್ಷಿಸಿಯೇ ಹೋದಳು.

ಮರುದಿನ ನಿಧಿಯ ಸರದಿ. ತೋಪು ತೆಗೆದಳೋ ಇಲ್ಲವೋ ಹೇಳದೆ ಹೋದಳು. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಹೇಳಿ, ಕೆಲಸವನ್ನೇನೂ ಮಾಡದೆ ಕಿಟಕಿಯ ಹತ್ತಿರ ಓಡಾಡಿದೆ. ಹೊರಗೆ ಹಿಮವೂ ಮಳೆಯೂ ಕಲೆಸಿದ ಕೆಸರು ಬೀಳುತ್ತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳಕ್ಕೆ ಒಂದಲ್ಲ, ಎರಡು ಸೈಕಲ್ಲು ಬಂದವು. ನಿಧಿಯ ಜೊತೆ ಇನ್ನೊಬ್ಬ ಹುಡುಗಿ. ಇಬ್ಬರ ಬೂಟು, ಪ್ಯಾಂಟು, ಕೈಚೀಲ ಎಲ್ಲ ಉಪ್ಪುಕೆಸರಿನಲ್ಲಿ ಬೂದುಬಣ್ಣ.

ಕಿಟಕಿ ತೆರೆದೆ. "ಏನಾಯ್ತೇ?"

"ಹೇಳ್ದೆ" ಎಂದಳು ಕೆಳಗಿನಿಂದಲೇ. "ವಾಶಿಂಗ್ ಅಂತಾನೇ ಹೇಳ್ದೆ. ಎ ಬಾಯ್ ಸೆಡ್, ಓ, ಕಾರ್ ವಾಶ್! ಎಲ್ಲರೂ ನಕ್ಕರು. ನಾನು ಹೌದು, ಕಾರ್ ವಾಶ್, ಈಗ ಕೇಳು, ಅಂದೆ. ಆ ದೋಣಿಯವರ ಕಥೆ ಹೇಳ್ದೆ. ಆಮೇಲೆ ಯಾರೂ ನಗ್ಲಿಲ್ಲ." ಪಕ್ಕದವಳತ್ತ ಕೈ ತೋರಿಸಿ, "ಅಮ್ಮಾ, ಇದು ಮರಿಯಂ. ಬೋಟಲ್ಲಿ ಬಂದಾಗ ಶಿ ವಾಸ್ ಸಿಕ್ಸ್. ದ್ವೀಪದಲ್ಲಿ ಇಳಿದ ತಕ್ಷಣ ಯಾರೋ ಒಬ್ಬ ಅಜ್ಜಿ ತಾನು ಕುಡಿಯೋಕೆ ಇಟ್ಕೊಂಡಿದ್ದ ನೀರು ಹಾಕಿ ಇವಳ ಮುಖ ತೊಳೆದ್ಲಂತೆ. ಅವತ್ತಿಂದು ಇವಳಿಗೆ ನೆನಪಿರೋದು ಅದೊಂದೇ ಅಂತೆ. ಕ್ಲಾಸಲ್ಲಿ ಎದ್ದು ನಿಂತು ಹೇಳಿದ್ಲು. ಬಿಸಿನೀರು ಇದೆಯಾ?" ಎಂದಳು.

ಇದೆಯಾ ಅಂತ ಕೇಳುವ ಮನೆಯೇ ಇದು? ಬಕೆಟ್ಟು ತುಂಬಿದೆ. ಬಚ್ಚಲಿಗೆ ಬನ್ನಿ ಎನ್ನಬಹುದಿತ್ತು, ಎನ್ನಲಿಲ್ಲ. ನಮ್ಮ ಮನೆಗೆ ಬಂದವರಿಗೆ ನೀರು ಕೊಡುವುದು ಹೊಸ್ತಿಲಿನ ಹೊರಗೆ. ಕಟ್ಟಡದ ಬಾಗಿಲಿನ ಮೇಲೆ ಗುನ್ನೆಲ್ ಹೊಸದಾಗಿ ಅಂಟಿಸಿದ ಚೀಟಿ ನಗುತ್ತಿತ್ತು. ಅದರ ಕೆಳಗಿನಿಂದಲೇ ಬಕೆಟ್ಟು ಹಿಡಿದು ಅಂಗಳಕ್ಕಿಳಿದೆ. ಬಕೆಟ್ಟು ಎಂದಿನಂತೆ ಸೋರುತ್ತ ನನ್ನ ಚಪ್ಪಲಿಯನ್ನೆಲ್ಲ ಒದ್ದೆ ಮಾಡಿತು.

ಗುನ್ನೆಲ್‌ಳ ಬಾಗಿಲು ತೆರೆಯಿತು. ಬೂಟು ಹಾಕಿಕೊಂಡು ಬಂದಳು, ಕೈಯಲ್ಲಿ ಒಂದು ಕೆಂಪು ಬಕೆಟ್ಟು. ಚಳಿಗಾಲದಲ್ಲಿ ದಾರಿ ಜಾರದಿರಲೆಂದು ಎರಚುವ ಸಣ್ಣ ಜಲ್ಲಿ ಅದರ ತುಂಬ. ಜಗಳಕ್ಕೆ ಸಿದ್ಧಳಾಗಿ ನಾನು ಗಂಟಲು ಸರಿಮಾಡಿಕೊಂಡೆ.

"ಸುರಿ" ಎಂದಳು. "ಹಿಂದಿನಿಂದ ನಾನು ಜಲ್ಲಿ ಹಾಕುತ್ತೇನೆ. ಬೇಗ ಮುಗಿಸು, ನನಗೆ ಚಳಿ."

ನಾನು ಅಭ್ಯಾಸಬಲದಿಂದ ಬಕೆಟ್ಟನ್ನು ಸೈಕಲ್ಲಿನ ಸರಪಳಿಯ ಕಡೆ ಬಾಗಿಸಿದೆ.

"ಅಮ್ಮಾ, ಸೈಕಲ್ ಆಮೇಲೆ" ಎಂದು ನಿಧಿ ನನ್ನ ಕೈಯಿಂದ ಅದನ್ನು ಕಿತ್ತುಕೊಂಡಳು. ಅಷ್ಟರಲ್ಲಿ ಕ್ಯಾನ್ವಾಸು ಉಬ್ಬಿಕೊಂಡು ಸೋರುವುದು ನಿಂತಿತ್ತು. ಮರಿಯಂ ಕೈಗವಸು ಬಿಚ್ಚಿ ಎರಡೂ ಕೈ ಮುಂದೆ ಚಾಚಿದಳು. ನಿಧಿ ಹಗ್ಗದ ಬಳೆ ಹಿಡಿದು ಮೆಲ್ಲಗೆ ಬಾಗಿಸಿ ಬಿಸಿನೀರು ಸುರಿದಳು, ಗುನ್ನೆಲ್ ಗೊಣಗುತ್ತ ನಮ್ಮೆಲ್ಲರ ಕಾಲ ಸುತ್ತ ಜಲ್ಲಿ ಎರಚಿದಳು.